ಕಲ್ಲು ಕಾಲು ಚಾಚುವುದಿಲ್ಲ

ಬಾಸಿಲಿಯಾ ಚೋಕೆಗೆ ಕೊಲ್ಕಿರಿ ಗಣಿಯ ಫುಟ್‌ಬಾಲ್ ಲೀಗ್ ಇವತ್ತಿಗೂ ಆರು ಸಾವಿರದ ನಾನೂರ ಇಪ್ಪತ್ತು ಬೊಲಿವಿಯಾನೊ ಕೊಡಬೇಕು. ಲೆಕ್ಕವೇನೂ ಕಷ್ಟದ್ದಲ್ಲ. ಹನ್ನೊಂದು ವರ್ಷದಲ್ಲಿ ಅವಳು ಸೀಟಿ ಊದಿದ್ದು ಇನ್ನೂರ ಹದಿನಾಲ್ಕು ಪಂದ್ಯಕ್ಕೆ. ರೆಫರಿಯ ಕೂಲಿ ಪಂದ್ಯಕ್ಕೆ ಅರವತ್ತು. ಅವಳ ಅಂಗೈಗೆ ಬಿದ್ದದ್ದು ಮೂವತ್ತು. ಮಿಕ್ಕ ಮೂವತ್ತು ಎಲ್ಲಿ ಎಂದು ಮೊದಲ ವರ್ಷವೇ ಕೇಳಿದ್ದಳು. ಲೀಗಿನ ಕಾರ್ಯದರ್ಶಿ ದೊನ್ ರೆಂಬೆರ್ತೋ ಮೀಸೆ ತೀಡಿಕೊಂಡು, ಅಮ್ಮಾವ್ರೇ ಎನ್ನುವಂಥ ದೋನ್ಯಾ ಸೇರಿಸಿ, ಹೇಳಿದ್ದ:

"ದೋನ್ಯಾ ಬಾಸಿ, ನಿಮ್ಮ ಹೆಸ್ರು ಪಟ್ಟೀಲಿ ಇಲ್ಲ. ಪಟ್ಟೀಲಿ ಇಲ್ದೋರು ಅರ್ಧ ರೆಫರಿ. ಅರ್ಧ ರೆಫರಿಗೆ ಅರ್ಧ ಕೂಲಿ."

"ಹಂಗಾದ್ರೆ ಅರ್ಧ ಪಂದ್ಯ ಊದಿ ಮನೆಗೆ ಹೋಗ್ಲಾ?"

ಅವನು ಮೀಸೆಯ ಇನ್ನೊಂದು ತುದಿ ತೀಡಿದ.

ಪಟ್ಟಿ ಎಂದರೆ ಲೀಗ್ ಕಚೇರಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಒಂದು ರಟ್ಟು. ಅದರಲ್ಲಿ ಒಂಬತ್ತು ಗಂಡಸರ ಹೆಸರು, ಅವರಲ್ಲಿ ಮೂವರು ಸತ್ತು ಮಣ್ಣಾಗಿದ್ದರು. ಡಿಸೆಂಬರಿನಲ್ಲಿ, ಗಣಿಗಾರರ ದಿನದ ಫೈನಲ್ ಪಂದ್ಯವನ್ನು ತಪ್ಪಿಲ್ಲದೆ ನಡೆಸಿಕೊಟ್ಟವರ ಹೆಸರು ಆ ರಟ್ಟಿಗೆ ಏರುತ್ತಿತ್ತು. ಆದರೆ ರಟ್ಟಿನಲ್ಲಿ ಹೆಸರಿಲ್ಲದ ಹೆಂಗಸಿಗೆ ಫೈನಲ್ ಕೊಡುವುದು ಹೇಗೆ? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂಥ ಕತೆ.

ಬಾಸಿಲಿಯಾ ಕಸುಬಿನಿಂದ ಪಾಲಿರಿ. ಗಣಿಯಿಂದ ಹೊರಗೆ ಸುರಿದ ಕಸಗಲ್ಲಿನ ಗುಡ್ಡದ ಮೇಲೆ ಕೂತು, ಸುತ್ತಿಗೆಯಿಂದ ಕಲ್ಲು ಒಡೆದು, ತವರದ ಅದಿರು ಅಂಟಿಕೊಂಡ ಚೂರುಗಳನ್ನು ಆರಿಸಿ ಮಾರುವ ಹೆಂಗಸು. ಗಂಡ ಸತ್ತವರಿಗೆ ಗಣಿ ಬಿಟ್ಟುಕೊಡುವ ಕೆಲಸ ಅದೊಂದೇ. ಅವಳ ಗಂಡ ಫೆರ್ಮಿನ್ ಮೂವತ್ತೊಂದನೇ ವಯಸ್ಸಿನಲ್ಲಿ, ಮರದ ಆಸರೆ ನಿಲ್ಲಿಸದ ಸುರಂಗದಲ್ಲಿ, ಚಾವಣಿ ಕಳಚಿ ಬಿದ್ದು ಸತ್ತ. ಆಗಿನ ಗುತ್ತಿಗೆ ಕಂಪನಿಯ ಇಂಜಿನಿಯರು ಬರೆದುಕೊಟ್ಟ ಕಾಗದದಲ್ಲಿ ಎರಡೇ ಸಾಲು: ಕಲ್ಲು ಬಿತ್ತು. ಯಾರ ತಪ್ಪೂ ಇಲ್ಲ. ಪರಿಹಾರವೆಂದು ಒಂದು ಮೂಟೆ ಸಕ್ಕರೆ ಬಂತು. ಅವಳು ಆ ಮೂಟೆಯನ್ನು ಕಂಪನಿಯ ಬಾಗಿಲಲ್ಲಿ ಸುರಿದು ಬಂದಳು. ಊರ ನಾಯಿಗಳು ಎರಡು ದಿನ ಅಲ್ಲೇ ಬೀಡುಬಿಟ್ಟವು.

ಸೀಟಿ ಅವಳ ಕೈಗೆ ಬಂದದ್ದು ಆ ವರ್ಷದ ರಸ್ತೆ ತಡೆಯಲ್ಲಿ. ಗಣಿಯವರು ಮುಷ್ಕರ ಹೂಡಿ ಇಪ್ಪತ್ತಾರು ದಿನ ಒರುರೋ ಪಟ್ಟಣದ ರಸ್ತೆಗೆ ಬಂಡೆ ಉರುಳಿಸಿ ಕೂತಿದ್ದರಲ್ಲ, ಆಗ ದಿಬ್ಬದ ಮೇಲೆ ಕಾವಲು ನಿಂತವಳು ಅವಳು. ಒಂದು ಸೀಟಿ ಎಂದರೆ ಲಾರಿ, ಎರಡು ಎಂದರೆ ಪೊಲೀಸರು, ಮೂರು ಎಂದರೆ ಓಡಿ. ಇಪ್ಪತ್ತಾರು ದಿನದಲ್ಲಿ ಒಂದು ಸಲವೂ ತಪ್ಪು ಊದಲಿಲ್ಲ. ತಡೆ ಮುಗಿದಾಗ ಎಲ್ಲರೂ ಸೀಟಿ ವಾಪಸು ಕೊಟ್ಟರು, ಅವಳು ಕೊಡಲಿಲ್ಲ. "ಇದಕ್ಕೆ ಇನ್ನೂ ಕೆಲ್ಸ ಐತೆ" ಎಂದಳು.

ಕೆಲಸ ಹುಡುಕಿಕೊಟ್ಟವನು ದೊನ್ ಪೊಲಿಕಾರ್ಪಿಯೊ ತೋಲಾ. ಪಟ್ಟಿಯಲ್ಲಿದ್ದ ಹಳೆಯ ರೆಫರಿ. ಗಣಿಯ ಧೂಳು ಕುಡಿದು ಅವನ ಎದೆಗೂಡು ತೂತು ಬಿದ್ದ ತಿದಿಯಂತಾಗಿತ್ತು. ಓಡಲಾಗುತ್ತಿರಲಿಲ್ಲ, ಊದಲಂತೂ ಆಗುತ್ತಿರಲಿಲ್ಲ. ಸಣ್ಣ ತಂಡಗಳ ಪಂದ್ಯಕ್ಕೆ ಅವಳನ್ನು ಕರೆದ.

ನಮ್ಮ ಮೈದಾನ ಕಸಗಲ್ಲನ್ನೇ ಹರಡಿ ಸಮ ಮಾಡಿದ್ದು. ಹುಲ್ಲಿನ ಒಂದು ಎಳೆಯೂ ಇಲ್ಲ. ಮೇಲುಬದಿಗೆ ಬೆಟ್ಟದ ಗೋಡೆ, ಕೆಳಬದಿಗೆ ಪ್ರಪಾತ. ನಲವತ್ತು ಮೀಟರ್ ಕೆಳಗೆ ಗಣಿಯಿಂದ ಹರಿದು ಬಂದ ಹಳದಿ ಹುಳಿನೀರಿನ ಹೊಂಡ. ಅದರಲ್ಲಿ ಬಿದ್ದ ಚೆಂಡು ಎರಡು ದಿನದಲ್ಲಿ ಹೊಲಿಗೆ ಬಿಚ್ಚಿಕೊಂಡು ಸತ್ತ ಕಪ್ಪೆಯ ಹಾಗೆ ತೇಲುತ್ತದೆ. ಆದ್ದರಿಂದ ಕೊಲ್ಕಿರಿಯಲ್ಲಿ ನಲವತ್ತು ವರ್ಷದಿಂದ ನಡೆದು ಬಂದ ಪದ್ಧತಿ ಏನೆಂದರೆ, ರೆಫರಿ ಕೆಳಬದಿಯ ಅಂಚಿನಲ್ಲೇ ಓಡಬೇಕು. ಚೆಂಡು ಅಂಚಿಗೆ ಉರುಳಿ ಬಂದರೆ ಕಾಲು ಕೊಟ್ಟು ತಡೆಯಬೇಕು.

"ಮೊದ್ಲು ಚೆಂಡು ಉಳ್ಸು, ಆಮೇಲೆ ನ್ಯಾಯ ನೋಡು" ಎಂದು ಕಲಿಸಿದ ಪೊಲಿಕಾರ್ಪಿಯೊ. "ನ್ಯಾಯ ಇನ್ನೊಂದ್ ದಿನ ಸಿಗ್ತದೆ, ಚೆಂಡು ಸಿಗಲ್ಲ ತಾಯಿ."

"ತಡೆದ ಚೆಂಡು ಇನ್ನೊಬ್ಬನ ಕಾಲಿಗೆ ಹೋದ್ರೆ?"

"ಹೋಗ್ಲಿ. ರೆಫರಿ ಅಂದ್ರೆ ಕಲ್ಲು. ಮೈದಾನದಲ್ಲಿ ಇಷ್ಟು ಕಲ್ಲವೆ, ಅದ್ರಲ್ಲಿ ನೀನೂ ಒಂದು. ಕಲ್ಲಿಗೆ ತಪ್ಪಿಲ್ಲ."

ಅವಳಿಗೆ ಆಗ ಆ ಮಾತನ್ನು ಎಲ್ಲೋ ಕೇಳಿದ್ದೇನೆ ಎನ್ನಿಸಿತು, ಅಷ್ಟೆ.

ಅವಳ ಮೊದಲ ಪಂದ್ಯವನ್ನು ಊರು ಇನ್ನೂ ಮರೆತಿಲ್ಲ. ದಿನದ ಉಡುಪಿನಲ್ಲೇ, ಐದು ಪದರದ ನೆರಿಗೆ ಲಂಗದಲ್ಲೇ, ಮೈದಾನಕ್ಕೆ ಇಳಿದಿದ್ದಳು. ಇಪ್ಪತ್ತನೇ ನಿಮಿಷಕ್ಕೆ ಚೆಂಡು ಪುಟಿದು ಬಂದು ಲಂಗದ ಕೆಳಗೆ ಹೊಕ್ಕು ಮಾಯವಾಯಿತು. ಇಪ್ಪತ್ತೆರಡು ಗಂಡಸರು ಸುತ್ತ ನಿಂತರು. ಡೈನಮೈಟಿನ ಬತ್ತಿಯನ್ನು ಹಲ್ಲಲ್ಲಿ ಕಚ್ಚಿ ಕೂರಿಸುವ ಗಂಡುಗಲಿಗಳು! ಒಬ್ಬನೂ ಹತ್ತಿರ ಬರಲಿಲ್ಲ.

"ಆಟ ನಡೀತೈತೆ, ಆಡ್ರೋ!" ಎಂದು ಅವಳೇ ಕೂಗಿದಳು.

"ಎಲ್ಲಿ ಆಡೋದು ದೋನ್ಯಾ? ಅಷ್ಟು ಆಳದ ಸುರಂಗಕ್ಕೆ ದೀಪ ಇಲ್ದೆ ಇಳಿಯಲ್ಲ ನಾವು!"

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಜೊತೆ ಗುಡ್ಡದಲ್ಲಿ ಕಲ್ಲು ಆರಿಸುವ ಎರ್ಮಿನಿಯಾ, ಬಾಸಿಲಿಯಾಳ ಮಗಳಿಗೆ ಜ್ಞಾನಸ್ನಾನದ ತಾಯಿ, ಅವಳೂ ನಕ್ಕಳು. ಮುಂದಿನ ಭಾನುವಾರ ಬಾಸಿಲಿಯಾ ಫೆರ್ಮಿನ್‌ನ ನೀಲಿ ಪೈಜಾಮ ಕಾಲು ಮಡಚಿ ಹಾಕಿಕೊಂಡು ಬಂದಳು. ತಲೆಯ ಟೋಪಿ, ಎರಡು ಜಡೆ ಹಾಗೇ ಇದ್ದವು. ಅವತ್ತು ನಕ್ಕವರಿಗೆ ಹಳದಿ ಚೀಟಿ ತೋರಿಸಿದಳು. ಪ್ರೇಕ್ಷಕರಿಗೆ ಚೀಟಿ ತೋರಿಸುವ ನಿಯಮವಿಲ್ಲ ಎಂದು ಯಾರೋ ಅಂದಾಗ, "ಈಗ ಗೊತ್ತಾಯ್ತು, ಮುಂದೆ ನಡೀರಿ" ಎಂದಳು.

ಅವಳನ್ನು ನಿಜವಾದ ರೆಫರಿ ಮಾಡಿದ್ದು ಪೊಲಿಕಾರ್ಪಿಯೊ ಅಲ್ಲ, ಕಸಗಲ್ಲಿನ ಗುಡ್ಡ. ಗುಡ್ಡದಲ್ಲಿ ಎಲ್ಲಿ ಕೂರಬೇಕೆಂಬುದೇ ಅರ್ಧ ಕಸುಬು. ನಿನ್ನ ನೆರಳು ನಿನ್ನ ಕಲ್ಲಿನ ಮೇಲೆ ಬೀಳಬಾರದು, ಬಿದ್ದರೆ ಅದಿರಿನ ಹೊಳಪು ಕಾಣದು. ಪಕ್ಕದವಳ ಕಲ್ಲಿನ ಮೇಲೆ ಬೀಳಬಾರದು, ಬಿದ್ದರೆ ಸುತ್ತಿಗೆ ನಿನ್ನ ಕಡೆ ಬರುತ್ತದೆ. ಮೇಲಿಂದ ಉರುಳುವ ಕಲ್ಲಿನ ದಾರಿಯಲ್ಲಿ ಇರಬಾರದು, ಆದರೆ ಅದು ಎಲ್ಲಿಗೆ ಉರುಳಿತೆಂದು ಕಾಣುವಷ್ಟು ಹತ್ತಿರ ಇರಬೇಕು. ಒಂದು ದಿನ ಕಲ್ಲು ಒಡೆಯುತ್ತಾ ಕೂತಾಗ ಅವಳಿಗೆ ಹೊಳೆಯಿತು: ಅಂಚಿನಲ್ಲಿ ನಿಂತ ರೆಫರಿ ನೋಡುವುದು ಅರ್ಧ ಆಟವನ್ನು. ಮೇಲುಬದಿಯಲ್ಲಿ ಒದ್ದವನದೇ ಭಾಗ್ಯ, ಒದೆ ತಿಂದವನದು ಕರ್ಮ. ಹಾಗೆ ನಿಂತವರಿಗೆ ಚೆಂಡು ಮಾತ್ರ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ.

ಅವಳು ಮೂಲೆಯಿಂದ ಮೂಲೆಗೆ ಓಡಲು ಶುರು ಮಾಡಿದಳು. ಆಟ ತನ್ನ ಮತ್ತು ಎದುರುಬದಿಯ ಗೆರೆ ಕಾಯುವ ಬಾವುಟದವನ ನಡುವೆ ಇರುವ ಹಾಗೆ ನೋಡಿಕೊಂಡಳು. ಚೆಂಡಿಗೆ ಹದಿನೈದು ಹೆಜ್ಜೆ ದೂರ. ಯಾರು ಯಾರಿಗೆ ಕೊಡುತ್ತಾನೆಂದು ಮೊದಲೇ ಊಹಿಸಿ, ಆ ದಾರಿ ಬಿಟ್ಟು ನಿಲ್ಲುತ್ತಿದ್ದಳು. ಒರುರೋದಿಂದ ತಂದ ನಿಯಮ ಪುಸ್ತಕದ ಜೆರಾಕ್ಸು ಅವಳ ಊಟದ ಗಂಟಿನಲ್ಲೇ ಇರುತ್ತಿತ್ತು. ಅಲ್ಲಿ ಕೂಡ ಅದನ್ನೇ ಬರೆದಿತ್ತು, ಚಿತ್ರ ಸಮೇತ. "ನೋಡೇ, ನಂದನ್ನೇ ಕದ್ದವ್ರೆ" ಎಂದು ಎರ್ಮಿನಿಯಾಗೆ ತೋರಿಸಿದಳು.

ಹನ್ನೊಂದು ವರ್ಷದಲ್ಲಿ ಮೇಲುಬದಿಯ ಒದೆಗಳು ನಿಂತವು. ಮುರಿದ ಕಾಲುಗಳ ಸಂಖ್ಯೆ ಇಳಿಯಿತು. ಆಸ್ಪತ್ರೆಯ ನರ್ಸು ಭಾನುವಾರ ಸಂಜೆ ಬಾಗಿಲು ಹಾಕಿ ಮನೆಗೆ ಹೋಗತೊಡಗಿದಳು. ಇದನ್ನು ಯಾರೂ ರಟ್ಟಿನಲ್ಲಿ ಬರೆಯಲಿಲ್ಲ.

ಒಂದು ಮಾತು ಮಾತ್ರ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹನ್ನೊಂದನೇ ವರ್ಷ ಬಂದ ಹೊಸ ನಿಯಮ ಪುಸ್ತಕದಲ್ಲಿ ರೆಫರಿ ಕಲ್ಲಲ್ಲ. ಚೆಂಡು ರೆಫರಿಗೆ ತಾಗಿ ನೇರ ಗೋಲಿಗೆ ಹೋದರೆ, ಒಂದು ತಂಡದಿಂದ ಇನ್ನೊಂದು ತಂಡದ ಕಾಲಿಗೆ ಹೋದರೆ, ಇಲ್ಲವೇ ಅದರಿಂದ ಒಳ್ಳೆಯ ದಾಳಿ ಹುಟ್ಟಿದರೆ, ಆಟ ನಿಲ್ಲಿಸಬೇಕು. ಕೊನೆಗೆ ಚೆಂಡು ಮುಟ್ಟಿದ್ದ ತಂಡದವನೊಬ್ಬನ ಮುಂದೆ ಚೆಂಡನ್ನು ಕೈಯಿಂದ ಬಿಡಬೇಕು. ಉಳಿದವರೆಲ್ಲ ನಾಲ್ಕು ಮೀಟರ್ ಆಚೆ. ಆ ವರ್ಷದ ಲೀಗ್ ಸಭೆಯಲ್ಲಿ ಎದ್ದು ನಿಂತು ಓದಿದಳು. ಸಭೆ ಕೋಕಾ ಎಲೆ ಅಗಿಯುತ್ತಿತ್ತು. "ಹೊಸ ಪುಸ್ತಕದ ಪ್ರಕಾರ ಆಡ್ತೀವಿ ಅಂತ ಬರ್ಕೊಳ್ಳಿ, ಮುಂದಿನ ವಿಷಯ" ಎಂದ ರೆಂಬೆರ್ತೋ. ಬರೆದುಕೊಂಡರು. ರೆಂಬೆರ್ತೋ ರುಜು ಹಾಕಿದ. ಯಾರೂ ಕೇಳಿಸಿಕೊಂಡಿರಲಿಲ್ಲ.

ಆ ಡಿಸೆಂಬರಿನಲ್ಲಿ ದೇವರು ಲೀಗಿನ ಕೈ ಕಟ್ಟಿಹಾಕಿದ. ಪಟ್ಟಿಯಲ್ಲಿ ಬದುಕಿದ್ದ ಆರು ಜನರಲ್ಲಿ ಇಬ್ಬರು ಫೈನಲ್‌ಗೆ ಬಂದ ಎರಡು ತಂಡಗಳ ತರಬೇತುದಾರರು. ಒಬ್ಬ ಕೊಚಬಾಂಬಾದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದ. ಒಬ್ಬನ ಮೊಣಕಾಲು ಊದಿತ್ತು. ಪೊಲಿಕಾರ್ಪಿಯೊನ ಎದೆಯ ಕತೆ ಗೊತ್ತೇ ಇದೆ. ಉಳಿದವನು ಹಿಂದಿನ ಫೈನಲ್‌ನಲ್ಲಿ ತಿಂದ ಏಟಿಗೆ, ಇನ್ನು ಸೀಟಿ ಮುಟ್ಟುವುದಿಲ್ಲವೆಂದು ಮಾತೆ ಮರಿಯಳ ಮುಂದೆ ಆಣೆ ಇಟ್ಟಿದ್ದ.

ರೆಂಬೆರ್ತೋ ಅವಳ ಮನೆಗೇ ಬಂದ. ಅವಳು ಒಣ ಆಲೂಗಡ್ಡೆಯ ಸಾರು ಬಡಿಸಿದಳು. ಉಣ್ಣುತ್ತಾ ಹೇಳಿದ:

"ಫೈನಲ್ ನಿಮ್ದು ದೋನ್ಯಾ ಬಾಸಿ. ಚೆನ್ನಾಗಿ ಮುಗಿದ್ರೆ ಪಟ್ಟೀಲಿ ಹೆಸ್ರು, ಪೂರ್ತಿ ಕೂಲಿ. ಒಂದೇ ಒಂದು ತಪ್ಪು ಆಯ್ತೋ, ಸೀಟಿ ತಂದು ನನ್ನ ಕೈಗೆ ಕೊಡ್ಬೇಕು. ಆಮೇಲೆ ಸಣ್ಣ ಪಂದ್ಯನೂ ಇಲ್ಲ. ಗುಡ್ಡ ಇದ್ದೇ ಐತೆ."

"ಗಂಡಸ್ರು ತಪ್ಪು ಮಾಡಿದ್ರೆ?"

"ಗಂಡಸ್ರು ಮಾಡಿದ್ರೆ ತಪ್ಪು ಆಟದ್ದು. ಹೆಂಗಸು ಮಾಡಿದ್ರೆ ಹೆಂಗಸಿಂದು. ನಾನ್ ಮಾಡಿದ ಲೋಕ ಅಲ್ಲ ಇದು. ಇನ್ನೊಂಚೂರು ಸಾರು ಹಾಕಿ."

ಹಾಕಿದಳು. ನೀರಿನ ಭಾಗ.

ಫೈನಲ್ ಸುರಂಗದವರಿಗೂ ಗಿರಣಿಯವರಿಗೂ. ಸುರಂಗದವರು ಅದಿರು ಅಗೆಯುವವರು, ಗಿರಣಿಯವರು ಅದನ್ನು ಅರೆದು ತೊಳೆಯುವವರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಸುರಂಗದ ಮುಂದಾಳು ವಿಲ್ದೆರ್, ಫೆರ್ಮಿನ್‌ನ ತಮ್ಮ, ಬಾಸಿಲಿಯಾಳ ಮೈದುನ. ಸಂಬಂಧಿಕರಿಲ್ಲದ ರೆಫರಿ ಬೇಕೆಂದರೆ ಕೊಲ್ಕಿರಿಯವರು ಸಮುದ್ರದಾಚೆಯಿಂದ ತರಿಸಬೇಕು. ನಮ್ಮ ದೇಶಕ್ಕೆ ಸಮುದ್ರವೂ ಇಲ್ಲ. ಪಾಲಿರಿಗಳೆಲ್ಲ ಸುರಂಗದ ಕಡೆ. ಗಿರಣಿಯ ಹೆಂಗಸರ ಜೊತೆ ಒಂದು ಕುರಿ ಪಣ ಕಟ್ಟಿದ್ದರು. ಎರ್ಮಿನಿಯಾ ಕುರಿಯ ಕೊರಳಿಗೆ ಕೆಂಪು ಪಟ್ಟಿ ಕಟ್ಟಿ ಮೈದಾನಕ್ಕೇ ಎಳೆದು ತಂದಿದ್ದಳು.

"ಕೊಮಾದ್ರೆ!" ಎಂದು ಕೂಗಿದಳು, ಮಗಳ ಕಡೆಯ ನಂಟನ್ನು ಊರಿಗೆಲ್ಲ ಕೇಳುವ ಹಾಗೆ. "ಕುರಿ ಮುಖ ನೋಡಿ ಊದು ಕಣೇ!"

"ಕುರಿಗೂ ಹಳದಿ ಚೀಟಿ ಕೊಡ್ತೀನಿ, ಸುಮ್ನಿರು!"

ಮಧ್ಯಾಹ್ನಕ್ಕೇ ಆಲಿಕಲ್ಲು ಬಿದ್ದು ಸುಣ್ಣದ ಗೆರೆ ಅಳಿಸಿತ್ತು. ಕೆಳಬದಿಗೆ ಒಂದೊಂದು ಕಲ್ಲಿಟ್ಟು ಗುರುತು ಮಾಡಿದ್ದರು. ಚೆಂಡು ಹೊಚ್ಚ ಹೊಸದು, ಬಿಳಿ. ಇದ್ದದ್ದು ಅದೊಂದೇ. ರೆಂಬೆರ್ತೋ ಅದನ್ನು ಅವಳ ಕೈಗೆ ಕೊಡುವಾಗ ಹಸುಗೂಸು ಒಪ್ಪಿಸಿದಂತೆ ಒಪ್ಪಿಸಿದ: "ಅಂಚು ನೋಡ್ಕೊಳ್ಳಿ ದೋನ್ಯಾ. ಇದು ಹೊಂಡಕ್ಕೆ ಬಿದ್ರೆ ಫೈನಲ್ಲೂ ಹೊಂಡಕ್ಕೆ."

ಎಂಬತ್ತು ನಿಮಿಷ ಅವಳು ಆಡಿಸಿದ ಆಟವನ್ನು ಕೊಲ್ಕಿರಿ ಹಿಂದೆ ಕಂಡಿರಲಿಲ್ಲ. ನಲವತ್ತಾರು ವಯಸ್ಸಿನ, ಅದಿರಿನ ಮೂಟೆಯಷ್ಟೇ ಎತ್ತರದ, ಅಷ್ಟೇ ಅಗಲದ ಹೆಂಗಸು ಎಲ್ಲಿ ಬೇಕೋ ಅಲ್ಲಿರುತ್ತಿದ್ದಳು, ಎಲ್ಲಿ ಬೇಡವೋ ಅಲ್ಲಿರುತ್ತಿರಲಿಲ್ಲ. ಗಿರಣಿಯ ಮುಂದಾಳು ಸೆನೋಬಿಯೊ, ಮೊಣಕೈ ಆಡಿಸುವುದರಲ್ಲಿ ಹೆಸರುವಾಸಿ, ಮೇಲುಬದಿಯಲ್ಲಿ ಒಮ್ಮೆ ಆಡಿಸಿದ. ತಿರುಗಿ ನೋಡಿದರೆ ಎಂಟು ಹೆಜ್ಜೆಯಲ್ಲಿ ಅವಳು.

"ಎಲ್ಲಿಂದ ಬಂದ್ರಿ ದೋನ್ಯಾ?"

"ನಿನ್ನ ಮೊಣಕೈ ಒಳಗಿಂದ. ಇನ್ನೊಂದ್ ಸಲ ಹೊರಗೆ ಬಂದ್ರೆ ಕೆಂಪು ಚೀಟಿ."

ಸೆನೋಬಿಯೊ ಉಳಿದ ಹೊತ್ತು ಕೈಗಳನ್ನು ಮೈಗಂಟಿಸಿಕೊಂಡು ಪಾದ್ರಿಯ ಹಾಗೆ ಓಡಿದ.

ಗೋಲು ಇಬ್ಬರಿಗೂ ಇಲ್ಲ. ಎಂಬತ್ತಮೂರನೇ ನಿಮಿಷಕ್ಕೆ ಸೆನೋಬಿಯೊ ತನ್ನವನಿಗೆಂದು ತಳ್ಳಿದ ಚೆಂಡು ಕೆಸರಲ್ಲಿ ಜಾರಿ ದಾರಿ ತಪ್ಪಿತು. ಕೆಳಬದಿಯ ಅಂಚಿಗೆ ಉರುಳಿತು, ಮೆಲ್ಲಗೆ, ಅವಸರವಿಲ್ಲದೆ. ಬಾಸಿಲಿಯಾ ಆಗ ಆ ಬದಿಯಲ್ಲೇ ಇದ್ದಳು. ಅವಳ ಓಟದ ಮೂಲೆ ಅದು, ಇರಬೇಕಾದ ಜಾಗವೇ. ಗುರುತಿನ ಕಲ್ಲಿಗೆ ಇನ್ನು ಒಂದು ಮೊಳ. ಅದರಾಚೆ ನಲವತ್ತು ಮೀಟರ್, ಹಳದಿ ನೀರು.

ಕಾಲು ಚಾಚಿಬಿಟ್ಟಳು.

ಯೋಚಿಸಲಿಲ್ಲ. ಪೊಲಿಕಾರ್ಪಿಯೊ ಚಾಚಿದ್ದ, ಅವನ ಗುರು ಚಾಚಿದ್ದ, ನಲವತ್ತು ವರ್ಷ ಕೊಲ್ಕಿರಿಯ ರೆಫರಿಗಳೆಲ್ಲ ಚಾಚಿದ್ದರು. ಆ ಕಾಲುಗಳೆಲ್ಲ ಸೇರಿ ಅವಳ ಕಾಲನ್ನು ಮುಂದಕ್ಕೆ ತಳ್ಳಿದವು. ಚೆಂಡು ಅವಳ ಬೂಟಿನ ಪಕ್ಕಕ್ಕೆ ತಾಗಿ ತಿರುಗಿತು. ತಿರುಗಿ ನೇರ ವಿಲ್ದೆರ್‌ನ ಮುಂದೆ ಹೋಯಿತು, ಯಾರೋ ಹೇಳಿ ಮಾಡಿಸಿದ ಹಾಗೆ. ವಿಲ್ದೆರ್ ಬಿಟ್ಟಾನೆಯೇ? ಗಿರಣಿಯವರು ಚೆಂಡು ಹೊರಹೋಯಿತೆಂದು ಕೈಬಿಟ್ಟು ನಿಂತಿದ್ದರು. ಅವರ ನಡುವೆ ಹಾದು ಓಡಿದ. ಸೀಟಿ ಅವಳ ಬಾಯಲ್ಲೇ ಇತ್ತು, ಉಸಿರು ಬರಲಿಲ್ಲ. ಗೋಲು!

ಸುರಂಗದ ಕಡೆಯಿಂದ ಡೈನಮೈಟ್ ಸಿಡಿಯಿತು. ಎರ್ಮಿನಿಯಾ ಕುರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಗಿರಣಿಯವರು ಬೈದುಕೊಂಡರೇ ಹೊರತು ಅವಳ ಬಳಿಗೆ ಯಾರೂ ಓಡಿ ಬರಲಿಲ್ಲ. ಸೆನೋಬಿಯೊ ಸೊಂಟಕ್ಕೆ ಕೈಕೊಟ್ಟು ತನ್ನವರಿಗೆ, "ಹೋಗ್ಲಿ ಬಿಡ್ರೋ, ಕಲ್ಲಿಗೆ ತಾಗ್ತು. ಕಲ್ಲಿಗೆ ತಪ್ಪಿಲ್ಲ" ಎಂದ.

ಆ ಮಾತು ಅವಳ ಕಿವಿಗೆ ಬಿತ್ತು. ಎಲ್ಲಿ ಕೇಳಿದ್ದೆನೆಂದು ಈ ಸಲ ನೆನಪಾಯಿತು. ಇಂಜಿನಿಯರನ ಕಾಗದದಲ್ಲಿ. ಕಲ್ಲು ಬಿತ್ತು. ಯಾರ ತಪ್ಪೂ ಇಲ್ಲ.

ಸುಮ್ಮನೆ ಇದ್ದುಬಿಡಬಹುದಿತ್ತು. ಇಡೀ ಕೊಲ್ಕಿರಿಯಲ್ಲಿ ಹೊಸ ನಿಯಮ ಗೊತ್ತಿದ್ದವಳು ಅವಳೊಬ್ಬಳೇ. ಏಳು ನಿಮಿಷ ಕಳೆದರೆ ಮೈದುನನ ಕೈಯಲ್ಲಿ ಕಪ್ಪು, ತನ್ನ ಹೆಸರು ರಟ್ಟಿನಲ್ಲಿ, ಕುರಿ ಮಡಕೆಯಲ್ಲಿ. ಬಾಯಿ ಬಿಟ್ಟರೆ ಸೀಟಿ ರೆಂಬೆರ್ತೋನ ಜೇಬಿಗೆ. ತಪ್ಪು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಕೇಳದ ತಪ್ಪನ್ನು ಒಪ್ಪಿಕೊಂಡವರನ್ನು ಆ ಊರು ಅದುವರೆಗೆ ನೋಡಿರಲಿಲ್ಲ.

ಊದಿದಳು. ಎರಡು ಸಲ. ರಸ್ತೆ ತಡೆಯಲ್ಲಿದ್ದವರು ಅಭ್ಯಾಸದಿಂದ ಪೊಲೀಸರೆಲ್ಲಿ ಎಂದು ತಿರುಗಿ ನೋಡಿದರು.

"ಗೋಲಿಲ್ಲ!"

ಮೊದಲು ಬಂದವನು ವಿಲ್ದೆರ್. "ಅತ್ತಿಗೆ, ಏನಂದ್ರಿ?"

"ಗೋಲಿಲ್ಲ. ಚೆಂಡು ನನಗೆ ತಾಗಿ ನಿನ್ನ ಕಾಲಿಗೆ ಬಂತು. ಪುಸ್ತಕದಲ್ಲಿ ಐತೆ. ಗಿರಣಿಯವ್ರು ಕೊನೇಗೆ ಮುಟ್ಟಿದ್ದು, ಅವ್ರಿಗೆ ಚೆಂಡು."

"ಅತ್ತಿಗೆ, ಅದು ಹೊರಗೆ ಹೋಗ್ತಿತ್ತು! ಹೋಗಿದ್ರೆ ನಮ್ಮ ಥ್ರೋ. ನೀವು ತಡೆದ್ರಿ, ನಮ್ಮ ಥ್ರೋನೂ ಹೋಯ್ತು, ಗೋಲೂ ಹೋಯ್ತು, ಈಗ ಚೆಂಡೂ ಅವ್ರಿಗಾ? ಯಾವ ಊರಿನ ನ್ಯಾಯ ಇದು?"

"ನಿನ್ನ ಮಾತು ಸರಿ ಕಣೋ. ಅನ್ಯಾಯ ಆಗಿರೋದು ನಿಮಗೇ. ಮಾಡಿದ್ದು ನಾನು. ಆದ್ರೆ ಗೋಲಿಲ್ಲ."

"ಕಲ್ಲಿಗೆ ತಾಗಿದ್ದು ಅಂತ ಅವ್ರೇ ಅಂತವ್ರೆ! ರೆಫರಿ ಅಂದ್ರೆ ಕಲ್ಲು!"

"ಕಲ್ಲು ಕಾಲು ಚಾಚಲ್ಲ, ವಿಲ್ದೆರ್."

ಅಷ್ಟು ಹೊತ್ತಿಗೆ ಅಂಚಿನಲ್ಲಿದ್ದವರೆಲ್ಲ ಮೈದಾನಕ್ಕೆ ನುಗ್ಗಿದ್ದರು. ಅವಳು ಟೋಪಿ ತೆಗೆದಳು. ಬಲಗೈ ಎತ್ತಿದಳು. ಸಂಘದ ಸಭೆಯಲ್ಲಿ ಮತ ಹಾಕುವಾಗ ಎತ್ತುವ ಹಾಗೆ, ನೆಟ್ಟಗೆ.

"ಕೇಳ್ರಪ್ಪ! ಕಾಲು ನಂದು. ನಾನು ಚಾಚಿದ್ದು. ಚೆಂಡು ಉಳ್ಸೋಕೆ ಹೋಗಿ ಆಟ ಕೆಡಿಸ್ದೆ. ಊದೋದು ತಡ ಆಗಿದ್ದೂ ನಂದೇ ತಪ್ಪು. ಬೈಯೋರು ನನ್ನ ಬೈರಿ, ಬಾವುಟದವ್ನ ಬೈಬೇಡಿ. ಬೈದು ಮುಗಿದ ಮೇಲೆ ನಾಲ್ಕು ಮೀಟರ್ ಹಿಂದೆ ನಿಲ್ರಿ."

ಬೈದರು. ಚೆನ್ನಾಗಿಯೇ ಬೈದರು. ಒಬ್ಬ ಒಣ ಆಲೂಗಡ್ಡೆ ಎಸೆದ, ಭುಜಕ್ಕೆ ಬಿತ್ತು. ಎರ್ಮಿನಿಯಾ ಕುರಿಯನ್ನು ಕೆಳಗಿಳಿಸಿ, "ನನ್ನ ಕೊಮಾದ್ರೆ ಅಲ್ಲ ನೀನು, ಆ ಗಿರಣಿಯೋರ ಕೊಮಾದ್ರೆ!" ಎಂದು ಎದೆ ಬಡಿದುಕೊಂಡಳು. ಬಾಸಿಲಿಯಾ ಕದಲಲಿಲ್ಲ. ಎಲ್ಲರ ಉಸಿರು ಮುಗಿಯಿತು. ಗಾಳಿ ತೆಳುವಾದ ಆ ಬೆಟ್ಟದ ಎತ್ತರದಲ್ಲಿ ಬೈಗುಳಕ್ಕೂ ಬೇಗ ದಮ್ಮು ಕಟ್ಟುತ್ತದೆ. ಅವಳು ನಾಲ್ಕು ಮೀಟರನ್ನು ಹೆಜ್ಜೆಯಲ್ಲಿ ಅಳೆದಳು, ಸೆನೋಬಿಯೊನನ್ನು ಕರೆದು ಅವನ ಕಾಲ ಬಳಿ ಚೆಂಡು ಬಿಟ್ಟಳು. ಆಟ ನಡೆಯಿತು.

ಹೆಚ್ಚಿನ ಹೊತ್ತೂ ಮುಗಿಯಿತು, ಗೋಲಾಗಲಿಲ್ಲ. ಪೆನಾಲ್ಟಿಯಲ್ಲಿ ವಿಲ್ದೆರ್ ಒದ್ದದ್ದು ಬೆಟ್ಟಕ್ಕೆ ಹೋಯಿತು. ಗಿರಣಿ ಗೆದ್ದಿತು. ಕುರಿ ಕೆಂಪು ಪಟ್ಟಿ ಸಮೇತ ಎದುರಾಳಿಗಳ ಬಿಡಾರಕ್ಕೆ ನಡೆಯಿತು.

ರೆಂಬೆರ್ತೋ ಊರೆಲ್ಲರ ಎದುರಿಗೆ ಕೈ ಚಾಚಿದ. ನೀವು ಹೋಗಿ ನೀನು ಬಂದಿತ್ತು. "ಸೀಟಿ ಕೊಡು."

"ಯಾವ ಸೀಟಿ?"

"ನಿನ್ನ ಕೊರಳಲ್ಲಿ ಇರೋದು. ತಪ್ಪು ಆಯ್ತಲ್ಲ, ನೀನೇ ಒಪ್ಕೊಂಡ್ಯಲ್ಲ."

"ಒಪ್ಕೊಂಡೆ. ಸೀಟಿ ರಸ್ತೆದು. ಇಪ್ಪತ್ತಾರು ದಿನ ಚಳೀಲಿ ನಿಂತು ಸಂಪಾದಿಸಿದ್ದು. ಆ ಇಪ್ಪತ್ತಾರು ದಿನ ನೀವೆಲ್ಲಿದ್ರಿ ದೊನ್ ರೆಂಬೆರ್ತೋ? ರಟ್ಟು ನಿಮ್ದು, ಇಟ್ಕೊಳ್ಳಿ. ಇದು ನಂದು."

ರೆಂಬೆರ್ತೋ ಆ ಇಪ್ಪತ್ತಾರು ದಿನ ಲಾ ಪಾಸ್‌ನಲ್ಲಿ ಭಾವನ ಮನೆಯಲ್ಲಿದ್ದನೆಂಬುದು ಎಲ್ಲರಿಗೂ ಗೊತ್ತು. ಕೈ ಜೇಬಿಗೆ ಹೋಯಿತು.

ಸೋಮವಾರ ಸಂಘದ ಕಟ್ಟಡದಲ್ಲಿ ಸಭೆ. ಮೂರು ಗಂಟೆ ನಡೆಯಿತು. ಮೊದಲ ಎರಡು ಗಂಟೆ ಕುರಿಯ ಬಗ್ಗೆ. ಆಮೇಲೆ ಹಿಂದಿನ ಸಂಜೆಯಿಂದ ಅತ್ತಿಗೆಯ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹಾದುಹೋಗುತ್ತಿದ್ದ ವಿಲ್ದೆರ್ ಎದ್ದ. ಮಾತುಗಾರನಲ್ಲ ಅವನು. ಟೋಪಿ ಹಿಂಡುತ್ತಾ ನಿಂತ.

"ನನ್ನ ಗೋಲು ಕಿತ್ಕೊಂಡ್ಳು. ನನಗೆ ಇನ್ನೂ ಕೋಪ ಐತೆ, ಇರ್ಲಿ. ಆದ್ರೆ ಒಂದ್ ಮಾತು. ನಮ್ಮಣ್ಣ ಸತ್ತಾಗ ಇಂಜಿನಿಯರಿಂದ ಹಿಡಿದು ಮೇಸ್ತ್ರಿ ತನಕ ಎಲ್ರೂ ಹೇಳಿದ್ದು ಒಂದೇ, ಕಲ್ಲಿಗೆ ತಪ್ಪಿಲ್ಲ ಅಂತ. ಈ ಗಣೀಲಿ ಕೈ ಎತ್ತಿ 'ನಾನ್ ಮಾಡ್ದೆ' ಅಂದೋರನ್ನ ನಾನು ಭಾನುವಾರವೇ ಮೊದ್ಲು ನೋಡಿದ್ದು. ಅಂಥೋರು ಊದಿದ್ರೆ ನಾನು ಸೋಲೋಕೂ ರೆಡಿ. ಸೋತೂ ಆಯ್ತಲ್ಲ."

ಜನ ನಕ್ಕರು. ಸೆನೋಬಿಯೊ, "ಗೆದ್ದೋನು ಹೇಳಿದ್ರೆ ಬೆಲೆ ಇರಲ್ಲ, ಅದಕ್ಕೆ ಸುಮ್ನಿದ್ದೆ. ನಂದೂ ಅದೇ ಮಾತು" ಎಂದು ಮೊಣಕೈ ಮಡಚಿದ ಕೈಯನ್ನೇ ಎತ್ತಿದ. ಅವಳ ಹೆಸರು ರಟ್ಟಿಗೆ ಏರಿಸುವುದಕ್ಕೆ ಕೈ ಎಣಿಸಿದಾಗ ಪರ ಹತ್ತೊಂಬತ್ತು, ವಿರುದ್ಧ ಹದಿನಾಲ್ಕು. ಹದಿನಾಲ್ಕರಲ್ಲಿ ಎರ್ಮಿನಿಯಾ ಕೂಡ ಇದ್ದಳು. ಕುರಿ ಅವಳದು.

ರೆಂಬೆರ್ತೋ ತನ್ನ ಕೈಯಿಂದಲೇ ರಟ್ಟಿನಲ್ಲಿ ಬರೆಯಬೇಕಾಯಿತು: ಹತ್ತನೇ ಹೆಸರು, ಬಾಸಿಲಿಯಾ ಚೋಕೆ. ಪೊಲಿಕಾರ್ಪಿಯೊ ಗೋಡೆ ಹಿಡಿದು ನಿಂತು ಓದಿದ. "ಅಕ್ಷರ ಸಣ್ಣದಾಯ್ತು" ಎಂದು ಅಳಿಸಿ ದೊಡ್ಡದಾಗಿ ಬರೆಸಿದ. ಬಾಸಿಲಿಯಾ ನೋಡಿದಳು, ಟೋಪಿ ಸರಿಮಾಡಿಕೊಂಡಳು, "ಮಿಕ್ಕ ಒಂಬತ್ತರ ಪಕ್ಕ ಚೆನ್ನಾಗೇ ಕಾಣ್ತದೆ" ಎಂದಳು. ಅವತ್ತು ಅವಳು ಗುಡ್ಡಕ್ಕೆ ಹೋದ ನಡಿಗೆಯನ್ನು ನೋಡಬೇಕಿತ್ತು. ಸುತ್ತಿಗೆಯನ್ನು ಸೇನಾಪತಿಯ ಕೋಲಿನ ಹಾಗೆ ಹಿಡಿದಿದ್ದಳು.

ಮುಂದಿನ ವಾರ ಪಾಲಿರಿಗಳು ಮಧ್ಯಾಹ್ನದ ಊಟ ಬಿಟ್ಟು ಮೈದಾನದ ಕೆಳಬದಿಗೆ ಬಂದರು. ಇಪ್ಪತ್ತಮೂರು ಹೆಂಗಸರು, ಸುತ್ತಿಗೆ, ಕಸಗಲ್ಲು. ಸಂಜೆಯೊಳಗೆ ಅಂಚಿನುದ್ದಕ್ಕೂ ಸೊಂಟದೆತ್ತರದ ಕಲ್ಲುಗೋಡೆ ಎದ್ದಿತ್ತು. ಮುಂದೆ ನಿಂತು ಕಟ್ಟಿಸಿದವಳು ಎರ್ಮಿನಿಯಾ. "ನಿನ್ನ ಕಾಲಿಂದ ನನ್ನ ಕುರಿ ಹೋಯ್ತು. ಇನ್ನೊಂದು ಕುರಿ ಕಳ್ಕೊಳ್ಳೋಕೆ ತಯಾರಿಲ್ಲ ಕೊಮಾದ್ರೆ" ಎಂದಳು. ಅದೇ ಅವರ ರಾಜಿ. ನಲವತ್ತು ವರ್ಷ ಗಂಡಸರು ಚೆಂಡಿಗೆ ಕಾಲು ಕೊಟ್ಟರೇ ಹೊರತು, ಒಂದು ಮಧ್ಯಾಹ್ನ ಬಗ್ಗಿ ಕಲ್ಲು ಜೋಡಿಸುವ ಯೋಚನೆ ಒಬ್ಬನಿಗೂ ಬಂದಿರಲಿಲ್ಲ. ಫೆಬ್ರವರಿಯ ಮಳೆಗೆ ಗೋಡೆಯ ಒಂದು ಮೂಲೆ ಕುಸಿಯಿತು. ಮತ್ತೆ ಕಟ್ಟಿದರು. ಈಗ ಕೊಲ್ಕಿರಿಯಲ್ಲಿ ಚೆಂಡು ತಾಗುವುದು ನಿಜವಾದ ಕಲ್ಲಿಗೆ.

ಬಾಸಿಲಿಯಾ ಇವತ್ತಿಗೂ ಊದುತ್ತಾಳೆ. ಪೂರ್ತಿ ಅರವತ್ತು ಸಿಗುತ್ತದೆ. ಪಕ್ಕದ ಎರಡು ಗಣಿಗಳ ಲೀಗಿನವರು ಅವಳನ್ನು ಕರೆಸಿ, ಎಲ್ಲಿ ನಿಲ್ಲಬೇಕೆಂದು ತಮ್ಮವರಿಗೆ ಹೇಳಿಸಿಕೊಂಡರು. ಅವಳು ಎಲ್ಲ ಕಡೆ ಒಂದೇ ಮಾತು ಹೇಳುತ್ತಾಳೆ: ನಿನ್ನ ನೆರಳು ಆಟದ ಮೇಲೆ ಬೀಳಬಾರದು; ಬಿತ್ತೋ, ನನ್ನದು ಅನ್ನು.

ಹಳೆಯ ಬಾಕಿಗೆ ಮಾತ್ರ ಲೀಗ್ ಬಾಯಿ ಬಿಡುತ್ತಿಲ್ಲ. ಅದು ಹಿಂದಿನ ಸಮಿತಿಯ ಕಾಲದ್ದು ಎನ್ನುತ್ತಾನೆ ರೆಂಬೆರ್ತೋ, ಹಿಂದಿನ ಸಮಿತಿಯಲ್ಲೂ ಅವನೇ ಇದ್ದ. ಅಂದರೆ ಮತ್ತದೇ: ಕಲ್ಲು ಬಿತ್ತು, ಯಾರ ತಪ್ಪೂ ಇಲ್ಲ.

ಅವನನ್ನು ನಾವು ನೋಡಿಕೊಳ್ಳುತ್ತೇವೆ, ರಸ್ತೆಯೂ ಇದೆ, ಬಂಡೆಗಳೂ ಇವೆ. ಇದನ್ನು ಓದುತ್ತಿರುವ ನಿಮ್ಮ ಊರಿನಲ್ಲೂ ಭಾನುವಾರ ಯಾರೋ ಒಬ್ಬರು ಕೆಸರಲ್ಲಿ ಓಡುತ್ತಾ ಸೀಟಿ ಊದುತ್ತಾರೆ. ನೀವು ಅಂಚಿನಲ್ಲಿ ನಿಂತು ಅವರ ತಾಯಿಯನ್ನು ನೆನೆಯುತ್ತೀರಿ. ಬೈಯಿರಿ, ಅದು ಆಟದ ಪಾಲು. ಆದರೆ ಈ ಭಾನುವಾರ ಪಂದ್ಯ ಮುಗಿದ ಮೇಲೆ ಮನೆಗೆ ಹೋಗಬೇಡಿ. ನಿಮ್ಮ ಸಮಿತಿಯವರ ಮುಂದೆ ನಿಂತು, ಊದಿದವರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿ. ಅರ್ಧ ಎಂದರೆ ಪೂರ್ತಿ ಕೊಡಿಸಿ. ಸಮಿತಿಯಲ್ಲಿ ನೀವೇ ಇದ್ದರೆ, ಕೈ ಎತ್ತಿ ನನ್ನ ತಪ್ಪು ಎನ್ನಿ, ಆಮೇಲೆ ಅದೇ ಕೈಯನ್ನು ಜೇಬಿಗೆ ಹಾಕಿ.